ನಾಯ್ಸ್ ಮಾವ

ಯಾರ ಮನೆಗೆ ಹೋದರೂ ಅವರು ‘ಕಾಫಿ ಕುಡೀತೀರಾ?’ ಅನ್ನಬೇಕು, ನಾವು ‘ಈಗಷ್ಟೇ ಆಯ್ತು, ಅರ್ಧ ಲೋಟ ಕೊಡಿ’ ಅನ್ನಬೇಕು. ಅದು ನಮ್ಮ ಬಳಗದ ಪದ್ಧತಿ. ನಾಯ್ಸ್ ಮಾವ ಮಾತ್ರ ಚಪ್ಪಲಿ ಬಿಡುತ್ತಲೇ ಕೇಳುತ್ತಾರೆ: ‘ನಿಮ್ಮನೇಲಿ ಹಳೇ ಮದುವೆ ಕ್ಯಾಸೆಟ್ ಇದ್ಯಾ?’ ಇದೆ ಅಂದಿರೋ, ಕೆಟ್ಟಿರಿ. ಆಗಲೇ ಅಟ್ಟಕ್ಕೆ ಏಣಿ ಹಾಕಿಸುತ್ತಾರೆ. ದಸರಾ ಗೊಂಬೆಗಳ ಟ್ರಂಕು, ಕೆಟ್ಟ ಇಸ್ತ್ರಿಪೆಟ್ಟಿಗೆ, ಯಾರದೋ ಬಿಎ ನೋಟ್ಸು ಇವುಗಳ ಸಂದಿಯಿಂದ ಕಪ್ಪು ವಿಎಚ್‌ಎಸ್ ಕ್ಯಾಸೆಟ್ಟೊಂದನ್ನು ಎಳೆದು, ಮುಚ್ಚಳ ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು, ಒಮ್ಮೆ ಮೂಸಿ, ‘ಬೂಷ್ಟು ಹಿಡಿದಿದೆ. ಆದರೂ ಉಳಿಸಿಕೊಳ್ಳಬಹುದು’ ಅನ್ನುತ್ತಾರೆ. ಹೇಳುವ ಧಾಟಿ ಹೇಗಿರುತ್ತದೆಂದರೆ ಮನೆಯವರು ‘ಎಷ್ಟು ದಿನ ಅಡ್ಮಿಟ್ ಮಾಡಬೇಕು?’ ಅಂತ ಕೇಳುವುದೊಂದು ಬಾಕಿ.

ಅವರ ನಿಜವಾದ ಹೆಸರು ಲಗ್ನಪತ್ರಿಕೆಗಳ ‘ಸುಖಾಗಮನ ಬಯಸುವವರು’ ಪಟ್ಟಿಯಲ್ಲಷ್ಟೇ ಉಳಿದಿದೆ. ಮೂವತ್ತಾರು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕೂತು ಊರಿನ ಗಲಾಟೆಯನ್ನೆಲ್ಲ ಕೇಳಿದವರು. ನಿವೃತ್ತರಾದಮೇಲೆ ಉಳಿದವರು ಕುಕ್ಕರಹಳ್ಳಿ ಕೆರೆ ಸುತ್ತಿದರು, ಸಹಸ್ರನಾಮ ಹಿಡಿದರು. ಮಾವ ಹಿಡಿದದ್ದು ಹಳೆಯ ವಿಡಿಯೋಗಳಿಂದ ದನಿಯನ್ನಷ್ಟೇ ಬಿಡಿಸಿ ತೊಳೆಯುವ ಕೆಲಸವನ್ನು. ಚಿತ್ರದ ಮೇಲೆ ಅವರಿಗೆ ಅಂಥ ಗೌರವವಿಲ್ಲ. ‘ಅಜ್ಜನ ಫೋಟೋ ಎಲ್ಲರ ಮನೆ ಗೋಡೆ ಮೇಲೂ ಇದೆಯಪ್ಪ. ಅಜ್ಜನ ದನಿ ಯಾರ ಮನೇಲಿದೆ, ಹೇಳು?’ ಈ ಪ್ರಶ್ನೆಗೆ ಉತ್ತರವಿಲ್ಲ. ಇದರ ಹಿಂದೆಯೇ ಬರುವ ಎರಡು ಗಂಟೆಯ ವಿವರಣೆಗೆ ಕೊನೆಯೂ ಇಲ್ಲ.

ಮೈಸೂರಿನ ಕುವೆಂಪುನಗರದ ಅವರ ಮನೆಯಲ್ಲಿ ಹಿಂದೆ ಅಕ್ಕಿಮೂಟೆ ಇಡುತ್ತಿದ್ದ ಕೋಣೆ ಈಗ ‘ಲ್ಯಾಬು’. 2016ರ ಜುಲೈನಲ್ಲಿ ಜಪಾನಿನ ಫುನಾಯ್ ಕಂಪನಿ ವಿಸಿಆರ್ ತಯಾರಿಕೆ ನಿಲ್ಲಿಸಿದ ಸುದ್ದಿ ಪೇಪರಿನಲ್ಲಿ ಬಂದಾಗ ಮಾವ ಒಂದು ಹೊತ್ತು ಊಟ ಬಿಟ್ಟರು. ಮರುದಿನದಿಂದ ಗುಜರಿ ಅಂಗಡಿಗಳನ್ನು ಸುತ್ತಿ ಎರಡು ವಿಸಿಆರ್ ತಂದರು. ಒಂದು ಚೊಕ್ಕ ಕ್ಯಾಸೆಟ್ಟುಗಳಿಗೆ, ಇನ್ನೊಂದು ಬೂಷ್ಟು ಹಿಡಿದವಕ್ಕೆ. ಬೂಷ್ಟು ಹೆಡ್ಡಿಗೆ ಮೆತ್ತಿಕೊಂಡರೆ ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದಂತೆ. ಜೀವಮಾನದಲ್ಲಿ ಮಡಿ–ಮೈಲಿಗೆ ನಂಬದವರ ಮನೆಯಲ್ಲಿ ಈಗ ಕಟ್ಟುನಿಟ್ಟಾದ ಮಡಿ ಇರುವುದು ವಿಸಿಆರಿಗೆ. ಅದು ಓಡುವಾಗ ಅತ್ತೆ ಮಿಕ್ಸಿ ಹಾಕಕೂಡದು, ‘ಲೈನಿನಲ್ಲಿ ಡಿಸ್ಟರ್ಬೆನ್ಸ್ ಬರುತ್ತೆ’. ಮೂರು ಗಂಟೆಯ ಕ್ಯಾಸೆಟ್ಟಾದರೆ ಆ ಮೂರು ಗಂಟೆ ಮನೆಯಲ್ಲಿ ಚಟ್ನಿಯಿಲ್ಲ. ಅತ್ತೆ ಬಂಧುಗಳ ಮದುವೆಗಳನ್ನು ನೆನಪಿಟ್ಟುಕೊಂಡಿರುವುದು ಹೀಗೆ: ‘ಅದಾ? ಬರೀ ಚಟ್ನಿಪುಡೀಲಿ ದೋಸೆ ತಿಂದಿದ್ದು.’

ಶ್ರಾದ್ಧದ ಊಟಕ್ಕೆ ಮಾವನ ಪಕ್ಕ ಕೂರಲು ತಿಳಿದವರು ಹಿಂಜರಿಯುತ್ತಾರೆ. ವಡೆ ಬರುವಷ್ಟರಲ್ಲಿ ಶುರುವಾಗಿರುತ್ತದೆ: ‘ಹಾಡಿನ ಕ್ಯಾಸೆಟ್ಟು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತೆ. ವಿಎಚ್‌ಎಸ್ಸು? ಬರೀ 2.34. ಚಿತ್ರ ಬರೆಯೋಕೆ ಅದರಲ್ಲಿ ಹೆಡ್ಡೇ ಗಿರಗಿರ ತಿರುಗುತ್ತೆ. ದನಿಗೆ ಕೊಟ್ಟಿರೋದು ಟೇಪಿನ ಅಂಚಲ್ಲಿ ಒಂದು ದಾರದಷ್ಟು ಜಾಗ. ಎಲೆಯ ತುದೀಲಿ ಉಪ್ಪು ಬಡಿಸಿದ ಹಾಗೆ!’ ಅಂದು ಎಲೆಯ ತುದಿಯಲ್ಲಿದ್ದ ಉಪ್ಪನ್ನು ತೋರಿಸುತ್ತಾರೆ. ಎಂಪಿತ್ರೀ ಹೆಸರೆತ್ತಿದರೆ ಮೂಗು ಮುರಿಯುತ್ತಾರೆ. ಅವರದೇನಿದ್ದರೂ ವೇವ್ ಫೈಲು, ಸೆಕೆಂಡಿಗೆ 48,000 ಸಲ ದನಿಯನ್ನು ಅಳೆದದ್ದು. ಮೂರು ಗಂಟೆಯ ಮದುವೆಗೆ ಎರಡು ಜಿಬಿ. ‘ಮದುವೆಗೆ ಅಷ್ಟು ಖರ್ಚು ಮಾಡಿದೋರು ಎರಡು ಜಿಬಿಗೆ ಜುಗ್ಗತನ ಮಾಡಬಾರದು.’

ತೊಳೆಯುವ ಕೆಲಸಕ್ಕೆ ಕ್ರಮವಿದೆ. ಮೊದಲು ಕರೆಂಟಿನ ಗುಂಯ್‌ಕಾರ. ನಮ್ಮ ದೇಶದ ಕರೆಂಟು 50 ಹರ್ಟ್ಸಿನದಾದ್ದರಿಂದ ಆ ಗುಂಯ್ ಕೂತಿರುವುದೂ 50ರಲ್ಲಿ. ಅದರ ಮಕ್ಕಳು ಮರಿಗಳು 100, 150ರಲ್ಲಿ. ಒಂದೊಂದನ್ನೂ ಮಾವ ರಾಗಿ ಹೊಲದ ಕಳೆಯಂತೆ ಬುಡಸಮೇತ ಕೀಳುತ್ತಾರೆ. ಆಮೇಲೆ ಫ್ಯಾನು, ಜನರೇಟರು, ಟೇಪಿನ ಸುಯ್. ಇವನ್ನು ತೆಗೆಯಲು ಅವರ ನೆಚ್ಚಿನ ಆಡಾಸಿಟಿ ಸಾಫ್ಟ್‌ವೇರು ಒಂದು ಸಣ್ಣ ಬೇಡಿಕೆ ಇಡುತ್ತದೆ: ಯಾರೂ ಮಾತಾಡದ, ಬರೀ ಗಲಾಟೆಯಷ್ಟೇ ಇರುವ ಒಂದು ತುಣುಕನ್ನು ಮಾದರಿಗೆ ತೋರಿಸಿ, ಅದನ್ನು ನೋಡಿಕೊಂಡು ಉಳಿದ ಕಡೆ ತೆಗೆಯುತ್ತೇನೆ ಅನ್ನುತ್ತದೆ. ಈ ಸಾಫ್ಟ್‌ವೇರು ಹುಟ್ಟಿದ್ದು ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ. ನಂಜನಗೂಡಿನ ಛತ್ರದಲ್ಲಿ ನಡೆದ ಮದುವೆಯನ್ನು ಅದು ಕಂಡಿರಲಿಲ್ಲ. ನನ್ನ ಚಿಕ್ಕಮ್ಮನ 1991ರ ಮದುವೆಯ ಕ್ಯಾಸೆಟ್ಟಿನಲ್ಲಿ ಯಾರೂ ಮಾತಾಡದ ಎರಡು ಸೆಕೆಂಡಿಗಾಗಿ ಮಾವ ನಾಲ್ಕು ದಿನ ಹುಡುಕಿದರು. ಕಡೆಗೆ ಸಿಕ್ಕಿತು: ಬೀಗರ ಪಂಕ್ತಿಯಲ್ಲಿ ಎಲ್ಲರೂ ಒಟ್ಟಿಗೆ ಒಬ್ಬಟ್ಟಿನ ಮೊದಲ ತುತ್ತನ್ನು ಬಾಯಿಗಿಟ್ಟ ಗಳಿಗೆ.

ಹುರುಪು ಹೆಚ್ಚಾದರೆ ಎಡವಟ್ಟೂ ಆಗುತ್ತದೆ. ಗಲಾಟೆಯನ್ನು ಪೂರ್ತಿ ಕಿತ್ತರೆ ಅದರ ಬೇರಿಗೆ ಅಂಟಿಕೊಂಡ ಮಾತೂ ಕಿತ್ತು ಬರುತ್ತದೆ. ಮೊದಲ ಪ್ರಯತ್ನದಲ್ಲಿ ಪುರೋಹಿತರು ಕಪಿಲಾ ನದಿಯಲ್ಲಿ ಕುತ್ತಿಗೆಯವರೆಗಲ್ಲ, ಪೂರ್ತಿ ಮುಳುಗಿ ಮಂತ್ರ ಹೇಳುತ್ತಿದ್ದರು. ಎರಡನೆಯದರಲ್ಲಿ ಪುರೋಹಿತರು ದಡಕ್ಕೆ ಬಂದರು, ಅಜ್ಜ ಮುಳುಗಿದರು. ಆರತಕ್ಷತೆಯ ಭಾಗವಂತೂ ಕೈಗೇ ಸಿಗಲಿಲ್ಲ. ಅಂದಿನ ವಿಡಿಯೋ ಅಂಗಡಿಯವನು ಮೂಲ ದನಿ ಅಳಿಸಿ, ಉದ್ದಕ್ಕೂ ಸಿನಿಮಾ ಹಾಡು ತುಂಬಿದ್ದ. ಬಳಗದ ಅಷ್ಟೂ ಹಿರಿಯರು ಬಾಯಾಡಿಸುತ್ತಾರೆ, ಹೊರಬರುವುದು ಡ್ಯುಯೆಟ್ಟು. ಇಡೀ ಕ್ಯಾಸೆಟ್ಟಿನಲ್ಲಿ ಸ್ಫಟಿಕದಷ್ಟು ಸ್ಪಷ್ಟವಾಗಿ ಕೇಳುವ ದನಿ ಒಂದೇ, ಕ್ಯಾಮೆರಾ ಹಿಡಿದವನದು. ಮೈಕಿಗೆ ಅತಿ ಹತ್ತಿರವಿದ್ದ ಬಾಯಿ ಅವನದೇ ತಾನೆ. ‘ಅಮ್ಮ, ಸ್ವಲ್ಪ ಸರೀರಿ. ಅಜ್ಜಾರೆ, ಇತ್ಲಾಗೆ ನೋಡಿ. ಊಟಕ್ಕೆ ಎಷ್ಟೊತ್ತಾಗುತ್ತಂತೆ?’ ಮುಂದಿನ ಪೀಳಿಗೆಗಾಗಿ ಮಾವ ಕಾಪಾಡಿಟ್ಟಿರುವ ನಮ್ಮ ವಂಶದ ದನಿ, ಸದ್ಯಕ್ಕೆ, ಇದು.

ಹೋದ ತಿಂಗಳು ಒಂದು ಭಾನುವಾರ ಬೆಳಗ್ಗೆ ಫೋನು ಬಂತು. ‘ಬೇಗ ಬಾ. ಒಂದು ಸಿಕ್ಕಿದೆ.’

ಹೋದೆ. ಮಾವ ಹೆಡ್‌ಫೋನನ್ನು ಕೊರಳಿಗೆ ಹಾರದಂತೆ ಹಾಕಿಕೊಂಡು ಕೂತಿದ್ದರು. ವಾದ್ಯವನ್ನೂ ಮನುಷ್ಯರ ದನಿಯನ್ನೂ ಬೇರ್ಪಡಿಸುವ ಹೊಸ ಎಐ ಸಾಫ್ಟ್‌ವೇರು ಅವರ ಕೈಗೆ ಸಿಕ್ಕಿತ್ತು. ನಾದಸ್ವರವನ್ನೂ ಅದು ಮೊದಲು ಹಾಡುವ ಮನುಷ್ಯ ಅಂದುಕೊಂಡಿತಂತೆ. ಏನೇನೋ ಮಾಡಿ, ಮಾಂಗಲ್ಯಧಾರಣೆಯ ಗಟ್ಟಿಮೇಳವನ್ನೇ ಕಳಚಿ ಪಕ್ಕಕ್ಕಿಟ್ಟಿದ್ದರು. ಪರದೆಯ ಮೇಲೆ ದನಿಯ ಚಿತ್ರವಿತ್ತು. ಉಳಿದುಕೊಂಡ ನಾದಸ್ವರ ಅಡ್ಡಡ್ಡ ಅಲೆಯಲೆ ಗೆರೆಗಳಾಗಿ ಹರಿದಿತ್ತು. ಸರಿಯಾಗಿ ತಾಳಿ ಕಟ್ಟುವ ಗಳಿಗೆಗೆ, ಬುಡದಿಂದ ತುದಿಯವರೆಗೆ, ಬೇಲಿಗೂಟದಂತೆ ಒಂದು ನೇರ ಗೆರೆ.

‘ಏನು ಮಾವ ಇದು?’

‘ಸೀನು,’ ಅಂದರು ಪಿಸುದನಿಯಲ್ಲಿ. ‘ಒಂಟಿ ಸೀನು.’

ಒಂಟಿ ಸೀನು! ಮನೆ ಬಿಟ್ಟು ಹೊರಡುವಾಗ ಒಂದೇ ಸೀನು ಬಂದರೆ ಮರಳಿ ಕೂತು ನೀರು ಕುಡಿದು ಹೊರಡುವ ಜನ ನಾವು. ಅದೂ ಮುಹೂರ್ತಕ್ಕೆ! ಮಾವ ತಡೆಯಲಾರದೆ ಬೆಳಗ್ಗೆಯೇ ತಂಗಿಗೆ ಫೋನಿನಲ್ಲಿ ಹೇಳಿಬಿಟ್ಟಿದ್ದರು. ಆಗಲೇ ಚಿಕ್ಕಮ್ಮ 34 ವರ್ಷದ ಸಂಸಾರವನ್ನು ಹಿಂದಕ್ಕೆ ತಿರುಗಿಸಿ ನೋಡತೊಡಗಿದ್ದರು: ಸೈಟು ಕೈತಪ್ಪಿದ್ದು, ಚಿಕ್ಕಪ್ಪನಿಗೆ ಪ್ರಮೋಷನ್ ತಡವಾದದ್ದು, ಕೊನೆಗೆ ಚಿಕ್ಕಪ್ಪನೇ. ಸೀನಿದವರು ಯಾರು? ಗಂಡಿನ ಕಡೆಯವರೋ ಹೆಣ್ಣಿನ ಕಡೆಯವರೋ? ‘ಅದೇ ಕಷ್ಟ ಕಣಪ್ಪ. ಇದು ಮಾನೋ. ಒಂದೇ ಟ್ರ್ಯಾಕು, ಎಡ–ಬಲ ಗೊತ್ತಾಗಲ್ಲ’ ಎಂದು ಮಾವ ಕೈಚೆಲ್ಲಿದರು. ಆದರೂ ಶಂಕಿತರ ಪಟ್ಟಿ ಸಿದ್ಧವಾಗಿತ್ತು. ಮೊದಲ ಹೆಸರು ಬೀಗರ ಕಡೆಯ ನಸ್ಯ ಏರಿಸುತ್ತಿದ್ದ ಒಬ್ಬ ಹಿರಿಯರದು.

ಸ್ಪೀಕರಿನಲ್ಲಿ ಹತ್ತನೇ ಸಲ ಸೀನು ಹಾಕಿದಾಗ ಅತ್ತೆ ಎರಡು ತಟ್ಟೆ ಇಡ್ಲಿ ಹಿಡಿದು ಬಂದರು. ಒಂದೇ ಸಲ ಕೇಳಿದರು.

‘ಯಾರದು ಅಂತ ಹುಡುಕ್ತಿದೀರಾ? ನಿಮ್ಮದೇ ರೀ ಅದು.’

‘ಏನಂದೆ?’

‘ಮೂವತ್ತೇಳು ವರ್ಷದಿಂದ ದಿನಾ ಬೆಳಗ್ಗೆ ಅದಕ್ಕೇ ಎದ್ದು ಕೂತ್ಕೋತಿದೀನಿ. ನನಗೆ ಯಾವ ಸಾಫ್ಟ್‌ವೇರೂ ಬೇಡ.’ ತಟ್ಟೆ ಇಟ್ಟು ಹೊರಟವರು ಬಾಗಿಲಲ್ಲಿ ನಿಂತರು. ‘ಇಂಥದ್ದು ಕೇಳಿಸಬಾರದು ಅಂತಲೇ ಹಿರಿಯರು ಗಟ್ಟಿಮೇಳ ಮಾಡಿದ್ದು. ಅವರು ವಾಲಗದವರಿಗೆ ದುಡ್ಡು ಕೊಟ್ಟು ಮುಚ್ಚಿಸಿದ್ದನ್ನ, ನೀವು ಕರೆಂಟ್ ಬಿಲ್ ಕಟ್ಟಿ ಬಿಚ್ತಿದೀರ.’

ಮಾವ ಬಹಳ ಹೊತ್ತು ಇಡ್ಲಿ ಮುಟ್ಟಲಿಲ್ಲ. ಆಮೇಲೆ ಕನ್ನಡಕ ಏರಿಸಿ, ಪರದೆಯ ಹತ್ತಿರ ಬಗ್ಗಿ, ಆ ಬೇಲಿಗೂಟದ ಸುತ್ತ ಮೌಸಿನಿಂದ ಚೌಕ ಎಳೆದರು. ಕಾಪಿ. ಒಂದು ಸೆಕೆಂಡು ಮುಂದೆ ಸರಿದರು. ಪೇಸ್ಟ್. ಈಗ ಎರಡು ಗೂಟ. ‘ಜೋಡಿ ಸೀನಿಗೆ ದೋಷವಿಲ್ಲ,’ ಅಂದರು, ನನ್ನ ಮುಖ ನೋಡದೆ. ಎರಡನೆಯದರ ಶ್ರುತಿಯನ್ನು ಒಂದು ಕೂದಲಷ್ಟು ಇಳಿಸಿದರು. ಎರಡೂ ಒಂದೇ ಥರ ಇದ್ದರೆ ಯಾರಿಗಾದರೂ ಅನುಮಾನ ಬಂದೀತು. ಕೆಲಸ ಎಷ್ಟು ನಾಜೂಕಾಗಿತ್ತೆಂದರೆ ಎರಡನೇ ಸೀನೇ ಹೆಚ್ಚು ನಿಜ ಅನ್ನಿಸುತ್ತಿತ್ತು. ಫೈಲು ಹೋದ ಐದು ನಿಮಿಷಕ್ಕೆ ಚಿಕ್ಕಮ್ಮನ ಫೋನು ಬಂತು. ‘ಅಣ್ಣ, ಸರಿಯಾಗಿ ಕೇಳಿದೆ, ಎರಡಿದೆ! ಸದ್ಯ, ಬದುಕಿದೆ. ಯಾರು ಸೀನಿದ್ದು, ಗೊತ್ತಾಯ್ತಾ?’

‘ಗೊತ್ತಾಗಲಿಲ್ಲ ಕಣಮ್ಮ. ಮಾನೋ ಅಲ್ವಾ.’

ಅಡುಗೆಮನೆಯಿಂದ ಅತ್ತೆ ದನಿ ಎತ್ತಿದರು: ‘ಗೊತ್ತಾಗದೆ ಏನು! ಹೇಳ್ರೀ ಅವಳಿಗೆ, ಅದು…’

ಮಾವ ಫೋನು ಹಿಡಿದುಕೊಂಡೇ ಎದ್ದು, ನನ್ನನ್ನು ದಾಟಿ, ಅಡುಗೆಮನೆಗೆ ಓಡಿ, ತಮ್ಮ ಕೈಯಾರೆ ಮಿಕ್ಸಿ ಹಾಕಿದರು.