ಅಲೀಪುರದ ಕೈಸೀಲು: ಒಂದು ಮುದ್ರಾಮೀಮಾಂಸೆ

ಗೌರಿಬಿದನೂರು ತಾಲ್ಲೂಕಿನ ಅಲೀಪುರ ಹರಳಿನ ವ್ಯಾಪಾರದ ಊರು. ಓದಿಗೆ, ಯಾತ್ರೆಗೆ ಇರಾನಿಗೆ ಹೋಗಿಬರುವವರ ಊರೂ ಹೌದು. ಆದಕಾರಣ ‘ಪ್ರವಾಸಿದೇಹ-ಮುದ್ರಾಮೀಮಾಂಸೆ’ ಎಂಬ ನೂತನ ಶಾಸ್ತ್ರಕ್ಕೆ ಇದಕ್ಕಿಂತ ಪ್ರಶಸ್ತವಾದ ಕ್ಷೇತ್ರವಿಲ್ಲ. ಶಾಸ್ತ್ರದ ಮೂಲಸೂತ್ರ: ರೋಗವಿರುವುದು ಗಂಟಲಲ್ಲಲ್ಲ, ದಾಖಲೆಯಲ್ಲಿ. ಕೊರೊನಾ ಬಂದ 2020ರ ಮಾರ್ಚ್‌ನಲ್ಲಿ ದೇವನಹಳ್ಳಿಯಲ್ಲಿ ವಿಮಾನ ಇಳಿದವರ ಅಂಗೈ ಹಿಂಬದಿಗೆ ಸೀಲು ಬಿತ್ತು. ಬೆಂಗಳೂರಿಗರನ್ನು ಕಾಪಾಡಲು ಹೆಮ್ಮೆ ಎಂಬರ್ಥದ ಇಂಗ್ಲಿಷ್ ಸಾಲು, ಜೊತೆಗೊಂದು ತಾರೀಖು. ಆ ಕೈ ಹೊತ್ತು ಅಲೀಪುರಕ್ಕೆ ಬಂದರೆ ಅಲೀಪುರವನ್ನು ಕಾಪಾಡುವವರು ಯಾರು? ಭಾಷ್ಯಕಾರರು ಮೌನ.

ಪ್ರವಾಸಿಗಳು ಪಂಚವಿಧ. ಮೊದಲಿನವರು ಮುದ್ರಾಂಕಿತರು, ಹೇಳಿದ್ದಾಯಿತು. ಎರಡನೆಯವರು ಸ್ವಚಿತ್ರಾಂಕಿತರು. ಮನೆಯಲ್ಲೇ ಕ್ವಾರಂಟೈನ್ ಆದವರು ಗಂಟೆಗೊಂದು ಸೆಲ್ಫಿ ಕಳಿಸತಕ್ಕದ್ದೆಂದು ಮಾರ್ಚ್ 30ರ ಆದೇಶ. ಅದನ್ನು ಹೊರಡಿಸಿದ ಅಂದಿನ ವೈದ್ಯಕೀಯ ಶಿಕ್ಷಣ ಸಚಿವ ಡಾ. ಕೆ. ಸುಧಾಕರ್ ಆಗ ಚಿಕ್ಕಬಳ್ಳಾಪುರದ ಶಾಸಕರೇ ಆಗಿದ್ದರಿಂದ ಕೀರ್ತಿ ನಮ್ಮ ಜಿಲ್ಲೆಗೂ ಸಲ್ಲುತ್ತದೆ. ರಾತ್ರಿ 10ರಿಂದ ಬೆಳಗ್ಗೆ 7ರವರೆಗೆ ವಿನಾಯಿತಿ. ವೈರಸ್ಸಿಗೂ ನಿದ್ದೆ ಬೇಕಲ್ಲ. ಉಳಿದ 15 ಗಂಟೆಗೆ 15ರಂತೆ, 14 ದಿನಕ್ಕೆ 210 ಮುಖಗಳು. ಹರಳನ್ನು ಬೆಳಕಿಗೆ ಹಿಡಿದು ಬಿರುಕು ಹುಡುಕುವ ಊರಿನವರಿಗೆ ಇದು ಹೊಸ ಪರೀಕ್ಷೆ: ಹರಳು ಪೆಟ್ಟಿಗೆಯಲ್ಲೇ ಇದೆಯೆಂದು ಖಾತ್ರಿಯಾದರೆ ಅಸಲಿಯೆಂದೂ ಖಾತ್ರಿ. ಮೂರನೆಯವರು ವಿನಾಯಿತಿಭೂಷಿತರು. ಮೇ 25ರಂದು ದೆಹಲಿಯಿಂದ ಬೆಂಗಳೂರಿಗೆ ಬಂದ ಕೇಂದ್ರ ಸಚಿವ ಡಿ. ವಿ. ಸದಾನಂದಗೌಡರು ಕ್ವಾರಂಟೈನ್‌ಗೆ ಹೋಗಲಿಲ್ಲ. ಔಷಧ ಖಾತೆ ತಮ್ಮದು, ತಮಗೆ ವಿನಾಯಿತಿ ಇದೆ ಎಂದರು. ನಾಲ್ಕು, ಐದನೆಯ ವರ್ಗ ಬೇಡ. ದುಡ್ಡಿದ್ದವರಿಗೆ ಹೋಟೆಲು, ಇಲ್ಲದವರಿಗೆ ಸರ್ಕಾರಿ ಹಾಸ್ಟೆಲು. ಅದಕ್ಕೆ ಸಂಸ್ಕೃತದ ಹೆಸರು ಯಾಕೆ?

ಹೊಸ ರೋಗ, ಏನಾದರೂ ಮಾಡಲೇಬೇಕಿತ್ತಲ್ಲ ಎನ್ನುತ್ತಾರೆ. ಒಪ್ಪಿದೆ. ಬಂದವರನ್ನು ಕೆಲವು ದಿನ ಬೇರೆ ಇರಿಸುವುದು 1377ರಲ್ಲೇ ರಗೂಸ ಬಂದರು ಕಂಡುಕೊಂಡ ವಿವೇಕ. ಅಲ್ಲಿ ಮೂವತ್ತು ದಿನ. ತಕರಾರು ಬೇರೆ ಇರಿಸಿದ್ದಕ್ಕಲ್ಲ, ಬೇರೆ ಇರುವವನನ್ನು ಆರೋಪಿಯಂತೆ ಮೆರೆಸಿದ್ದಕ್ಕೆ. ಕ್ವಾರಂಟೈನ್ ಮನೆಯ ಬಾಗಿಲಿಗೆ ಪೋಸ್ಟರ್ ಅಂಟಿಸದಿದ್ದರೆ ನೆರೆಯವರಿಗೆ ತಿಳಿಯುವುದು ಹೇಗೆ ಎಂಬುದು ಇನ್ನೊಂದು ವಾದ. ಎಲ್ಲರಿಗೂ ಎಲ್ಲರ ಬಾಗಿಲು ಗೊತ್ತಿರುವ ಊರಲ್ಲಿ ಪೋಸ್ಟರ್ ಏನು ತಿಳಿಸುತ್ತದೆ? ಹಾಲಿನವನೇ, ಹತ್ತಿರ ಬರಬೇಡ ಎಂದಷ್ಟೇ. ಬಾಗಿಲ ಆಚೆ ಜ್ವರದಲ್ಲಿ ಮಲಗಿದವರಿಗೆ ಒಂದು ಚೊಂಬು ನೀರು ಇಡುವವರು ಯಾರೆಂದು ಯಾವ ಆದೇಶವೂ ಅಷ್ಟು ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಲಿಲ್ಲ. ನಾಚಿಕೆಯಾಗಬೇಕಿತ್ತು.

2020ರ ಆಗಸ್ಟ್ 24ರ ಸುತ್ತೋಲೆ ಹೊರರಾಜ್ಯದಿಂದ ಬರುವವರ ಕೈಸೀಲು, ಬಾಗಿಲ ಪೋಸ್ಟರ್, 14 ದಿನದ ಕ್ವಾರಂಟೈನ್ ಮೂರನ್ನೂ ಒಟ್ಟಿಗೇ ತೆಗೆದುಹಾಕಿತು. ರಾಜ್ಯದಲ್ಲಿ ಸೋಂಕು ಆಗಿನ್ನೂ ಏರುತ್ತಲೇ ಇತ್ತು.