ಬೇಲಾಪುರ ಸೀಮೆಯ ತಂತ್ರಾಂಶ ಶಾಸನಗಳು: ಒಂದು ಪ್ರಾಥಮಿಕ ವಿವೇಚನೆ

ಕೊಂಕಣದ ಶಾಸನಗಳನ್ನು ಓದಿ ಕಣ್ಣು ಮಂಜಾಗಿಸಿಕೊಂಡ ವಿದ್ವಾಂಸರು ಬೇಕಾದಷ್ಟಿದ್ದಾರೆ. ಆದರೆ ಠಾಣೆ, ಡೊಂಬಿವಲಿ, ಕಲ್ಯಾಣ, ಬೇಲಾಪುರಗಳ ಒಂದೂವರೆ ಕೋಣೆಯ ಫ್ಲ್ಯಾಟುಗಳಲ್ಲಿ, ಗೋದ್ರೆಜ್ ಕಪಾಟಿನ ಮೇಲಿನ ಖಾನೆಯಲ್ಲಿ, ಪ್ಲಾಸ್ಟಿಕ್ ಫೋಲ್ಡರಿನೊಳಗೆ ಮಲಗಿರುವ ಶಾಸನರಾಶಿಯನ್ನು ಯಾರೂ ಇನ್ನೂ ಮುಟ್ಟಿಲ್ಲ. ಆಫರ್ ಲೆಟರ್, ಅಪ್ರೈಸಲ್ ಲೆಟರ್, ರಿಲೀವಿಂಗ್ ಲೆಟರ್ ಎಂದು ಮೂರು ವರ್ಗವಾಗುವ ಇವನ್ನು ಮನೆಯವರು ಬರಿಯ ಕಾಗದಪತ್ರವೆಂದು ತಿಳಿದಿದ್ದಾರೆ. ಇವು ಅಪ್ಪಟ ದಾನಶಾಸನಗಳು ಎಂದು ಸಾಧಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ಮೊದಲು ನೆಲದ ಸ್ತರಗಳನ್ನು ನೋಡೋಣ. ಠಾಣೆ–ಬೇಲಾಪುರ ರಸ್ತೆಯ ಇಕ್ಕೆಲಗಳಲ್ಲಿ ಅಗೆದರೆ ತಳದಲ್ಲಿ ಆಗ್ರಿ, ಕೋಳಿ ಜನರ ಭತ್ತದ ಗದ್ದೆ ಮತ್ತು ಉಪ್ಪಿನ ಮಡಿ ಸಿಗುತ್ತವೆ. ಅದರ ಮೇಲೆ ರಾಸಾಯನಿಕ ಕಾರ್ಖಾನೆಗಳ ಸ್ತರ. ಅದಕ್ಕೂ ಮೇಲೆ, ಐರೋಳಿಯಿಂದ ಮಹಾಪೆಯವರೆಗೆ, ಗಾಜಿನ ಕಟ್ಟಡಗಳ ತಂತ್ರಾಂಶ ಸ್ತರ. ಈ ಸೀಮೆಯಲ್ಲಿ ನಗರ ಕಟ್ಟಿದ ಸಿಡ್ಕೊ ಸಂಸ್ಥೆ ಸ್ಥಾಪನೆಯಾದದ್ದು 1970ರಲ್ಲಿ. ರೈಲು ಖಾಡಿ ದಾಟಿ ವಾಶಿಗೆ ಬಂದದ್ದು 1992ರಲ್ಲಿ, ಬೇಲಾಪುರಕ್ಕೆ ಮರುವರ್ಷ. 2004ರಲ್ಲಿ ಠಾಣೆಯಿಂದ ಟ್ರಾನ್ಸ್‌ಹಾರ್ಬರ್ ಲೋಕಲ್ ಓಡತೊಡಗಿದ ಮೇಲೆ ಡೊಂಬಿವಲಿಯ ಬಿ.ಇ. ಪದವೀಧರನು ಠಾಣೆಯಲ್ಲಿ ಇಳಿದು, ಸೇತುವೆ ಹತ್ತಿ, ಇನ್ನೊಂದು ಗಾಡಿ ಹಿಡಿದು, ಎರಡರಲ್ಲೂ ಕೂರಲು ಜಾಗವಿಲ್ಲದೆ ಐರೋಳಿ ತಲುಪುವುದು ಸಾಧ್ಯವಾಯಿತು. ಇದನ್ನೇ ನಾವು ಮಹಾವಲಸೆಯ ಯುಗ ಎಂದು ಕರೆದಿದ್ದೇವೆ.

ಈ ಸೀಮೆಗೆ ಸಾಮಂತಿಕೆ ಹೊಸದಲ್ಲ. ಒಂಬತ್ತನೆಯ ಶತಮಾನದಲ್ಲಿ ಉತ್ತರ ಕೊಂಕಣವನ್ನು ಆಳಿದ ಶಿಲಾಹಾರರು ಮಾನ್ಯಖೇಟದ ಅಮೋಘವರ್ಷನಿಗೆ ಅಧೀನರಾಗಿದ್ದರೆಂಬುದಕ್ಕೆ ಕಾನ್ಹೇರಿ ಗುಹೆಗಳ ಬರಹಗಳೇ ಸಾಕ್ಷಿ. ಚಕ್ರವರ್ತಿ ದೂರದಲ್ಲಿರುತ್ತಾನೆ, ಅವನ ಮುಖ ಕಂಡವರಿಲ್ಲ, ಅವನ ಅಪ್ಪಣೆ ಮಾತ್ರ ಬರುತ್ತದೆ: ಇಂದಿನ ಭಾಷೆಯಲ್ಲಿ ಇವನೇ ಕ್ಲೈಂಟ್. ಮಾನ್ಯಖೇಟ ಈಗ ನ್ಯೂಜೆರ್ಸಿಗೆ ಸ್ಥಳಾಂತರಗೊಂಡಿದೆ, ಅಷ್ಟೇ ವ್ಯತ್ಯಾಸ. ಮಾರ್ಚ್ ತಿಂಗಳ ಎರಡನೆಯ ಭಾನುವಾರ ಅಲ್ಲಿನವರು ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟರೆ ಇಲ್ಲಿ ಏಳೂವರೆಯ ಕಾಲ್ ಆರೂವರೆಗೆ ಸರಿಯುತ್ತದೆ. ನವೆಂಬರಿನ ಮೊದಲ ಭಾನುವಾರ ಮತ್ತೆ ಏಳೂವರೆಗೆ ಮರಳುತ್ತದೆ. ಸೂರ್ಯನ ಸಂಕ್ರಮಣವನ್ನು ಪಂಚಾಂಗದಲ್ಲಿ ನೋಡುವ ಅತ್ತೆಯವರು ಸೊಸೆಯ ಈ ಎರಡು ಸಂಕ್ರಮಣಗಳನ್ನು ಕುಕ್ಕರಿನ ಸೀಟಿ ಕೇಳಿಯೇ ಗುರುತಿಸುತ್ತಾರೆ.

ಸಾಮಂತರಲ್ಲಿ ದೊಡ್ಡವನಿಗೆ ‘ಸಮಧಿಗತ ಪಂಚಮಹಾಶಬ್ದ’ ಎಂಬ ಬಿರುದು. ಶೃಂಗ, ಶಂಖ, ಭೇರಿ, ಜಯಘಂಟೆ, ತಮಟೆ ಎಂಬ ಐದು ವಾದ್ಯಗಳ ಗೌರವ ಅವನದು. ಪ್ರಾಜೆಕ್ಟ್ ಮ್ಯಾನೇಜರ್ ಎಂಬ ಮಹಾಮಂಡಳೇಶ್ವರನಿಗೂ ಇವು ತಪ್ಪಿಲ್ಲ. ಶೃಂಗವೆಂದರೆ ಹೊರಡುವ ಲೋಕಲ್ಲಿನ ಹಾರ್ನ್. ಶಂಖವೆಂದರೆ ಗೇಟಿನಲ್ಲಿ ಕಾರ್ಡ್ ತೋರಿಸಿದಾಗ ಆಗುವ ‘ಟೀಂ’. ಭೇರಿ ಟೀಮ್ಸ್ ಕಾಲ್. ಸ್ನಾನದ ಮನೆಯಲ್ಲಿದ್ದಾಗಲೇ ಮೊಳಗುವುದು ಅದರ ಲಕ್ಷಣ. ತಮಟೆ ಟೌನ್‌ಹಾಲ್ ಸಭೆ. ಜಯಘಂಟೆ ಯಾವುದೆಂಬುದರಲ್ಲಿ ಭಿನ್ನಾಭಿಪ್ರಾಯವಿತ್ತು; ಅದು ಅಪ್ರೈಸಲ್ಲಿನ ಬೆಲ್ ಕರ್ವ್ ಎಂದು ನಾವು ನಿರ್ಣಯಿಸಿದ್ದೇವೆ. ಅದನ್ನು ಬಾರಿಸಿದ್ದು ಯಾರಿಗೂ ಕೇಳಿಸದು, ಹತ್ತು ಜನರ ತಂಡದಲ್ಲಿ ಒಬ್ಬನಾದರೂ ಉರುಳುವುದು ಮಾತ್ರ ಖಚಿತ.

ರಾಜವಂಶಗಳ ವಿಚಾರದಲ್ಲಿ ಐರೋಳಿಯ ದಾಖಲೆ ಅನುಪಮ. ಪಟ್ನಿ ಕಂಪ್ಯೂಟರ್ಸ್ ಎಂಬ ಸಂಸ್ಥೆಯನ್ನು 2011ರಲ್ಲಿ ಐಗೇಟ್ ಕೊಂಡಿತು. ಐಗೇಟನ್ನು 2015ರಲ್ಲಿ ಫ್ರಾನ್ಸಿನ ಕ್ಯಾಪ್‌ಜೆಮಿನಿ ಕೊಂಡಿತು. ಅಲ್ಲಿ ಒಂದೇ ಕುರ್ಚಿಯಲ್ಲಿ ಕೂತಿದ್ದವನು, ಎದ್ದು ಚಹಾಕ್ಕೂ ಹೋಗದೆ, ಐದು ವರ್ಷದೊಳಗೆ ಮೂರು ವಂಶಗಳ ಸೇವೆ ಮಾಡಿದಂತಾಯಿತು. ಬೆಂಗಳೂರಿನ ಮೈಂಡ್‌ಟ್ರೀ ಮೇಲೆ 2019ರಲ್ಲಿ ಎಲ್ ಆ್ಯಂಡ್ ಟಿ ಏರಿಹೋಗಿ ಗೆದ್ದು, 2022ರಲ್ಲಿ ತನ್ನ ಇನ್ಫೋಟೆಕ್ ಜೊತೆ ಅದಕ್ಕೆ ಗಂಟು ಹಾಕಿ, ಹೆಸರನ್ನೂ ಜೋಡಿಸಿದ್ದು ಕನ್ನಡ ನಾಡಿನ ಇತಿಹಾಸಕಾರರು ಗಮನಿಸಬೇಕಾದ ಸಂಗತಿ. ಇಂಥ ಪಲ್ಲಟಗಳಲ್ಲಿ ಒಕ್ಕಲಿಗೆ ಆಗುವ ಬದಲಾವಣೆ ಒಂದೇ: ಕೊರಳಿನ ಪಟ್ಟಿಯ ಬಣ್ಣ.

ಈಗ ಶಾಸನಪಾಠಕ್ಕೆ ಬರೋಣ. ತಾಮ್ರಪಟದಂತೆಯೇ ಆಫರ್ ಲೆಟರಿನಲ್ಲೂ ದಾನಿಯ ಪ್ರಶಸ್ತಿ, ಪ್ರತಿಗ್ರಹೀತನ ಹೆಸರು, ದತ್ತಿಯ ವಿವರ, ಕೊನೆಗೆ ಶಾಪಾಶಯ. ಆದರೆ ದತ್ತಿಯ ವಿವರದಲ್ಲಿ ಒಂದು ವೈಚಿತ್ರ್ಯ. ಹಿಂದಿನ ಅರಸರು ಭೂಮಿಯನ್ನು ‘ಸರ್ವಬಾಧಾಪರಿಹಾರ’ವಾಗಿ ಕೊಡುತ್ತಿದ್ದರು. ಸಿಟಿಸಿ ಎಂಬ ದತ್ತಿಯಲ್ಲಿ ಬಾಧೆಗಳೆಲ್ಲ ಒಳಗೇ ಸೇರಿವೆ: ಕಂಪನಿ ಕಟ್ಟುವ ಪಿ.ಎಫ್., ಐದು ವರ್ಷ ತುಂಬಿದರೆ ಮಾತ್ರ ಸಿಗುವ ಗ್ರಾಚ್ಯುಟಿ, ವಿಮೆ, ಕೊಟ್ಟರೆ ಕೊಟ್ಟೆವು ಎಂಬ ವೇರಿಯಬಲ್ ಪೇ. ಮದುವೆಯ ಮಾತುಕತೆಯಲ್ಲಿ ಹೇಳುವ ಸಂಖ್ಯೆ ಇದು. ಬ್ಯಾಂಕಿಗೆ ಬೀಳುವ ಸಂಖ್ಯೆ ಬೇರೆ. ಚತುಸ್ಸೀಮೆಯನ್ನಂತೂ ಕೇಳಲೇಬೇಡಿ. ಮೂಡಲು ಹಳ್ಳ, ಪಡುವಲು ಹುತ್ತ, ತೆಂಕಲು ಹುಣಿಸೆಮರ ಎಂದು ಎಲ್ಲೆ ಕಟ್ಟುತ್ತಿದ್ದ ಕಾಲ ಹೋಗಿ, ‘ಕಾಲಕಾಲಕ್ಕೆ ವಹಿಸಲಾಗುವ ಇತರ ಯಾವುದೇ ಕೆಲಸ, ದೇಶದ ಒಳಗೆ ಅಥವಾ ಹೊರಗೆ’ ಎಂದು ಬರೆಯುವ ಕಾಲ ಬಂದಿದೆ. ಜಾವಾ ಕಲಿತು ಸೇರಿದವನು ಎರಡು ವರ್ಷ ಎಕ್ಸೆಲ್ ಹಾಳೆಗೆ ಬಣ್ಣ ಬಳಿಯುವುದು ಈ ಎಲ್ಲೆಯಿಲ್ಲದ ಎಲ್ಲೆಯ ಫಲ.

ನಮ್ಮ ಮುಖ್ಯ ಶೋಧ ಶಾಪಾಶಯಕ್ಕೆ ಸಂಬಂಧಿಸಿದ್ದು. ಹಳೆಯ ಶಾಸನಗಳಲ್ಲಿ ಶಾಪ ತಟ್ಟುವುದು ಕೊಟ್ಟದ್ದನ್ನು ಕಿತ್ತುಕೊಂಡವನಿಗೆ. ಅವನು ತನ್ನ ವಂಶದವನೇ ಆಗಿರಲಿ, ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು ಕೊಂದ ಪಾಪ, ಅರವತ್ತು ಸಾವಿರ ವರ್ಷ ಹುಳುವಿನ ಜನ್ಮ ಎಂದು ದಾನಿಯೇ ಕೊರೆಸುತ್ತಿದ್ದ. ತಂತ್ರಾಂಶ ಶಾಸನದಲ್ಲಿ ಶಾಪವೆಲ್ಲ ಪಡೆದವನ ಪಾಲಿಗೆ. ಬಿಟ್ಟುಹೋದರೆ ತೊಂಬತ್ತು ದಿನದ ನೋಟಿಸು, ಮೊದಲೇ ಹೋದರೆ ಬಾಂಡಿನ ಹಣ, ಎದುರಾಳಿ ಕಂಪನಿಗೆ ಹೋದರೆ ವಕೀಲರ ಕಾಗದ. ಕಂಪನಿಯೇ ಕಿತ್ತುಕೊಂಡರೆ? ಶುಕ್ರವಾರ ಮಧ್ಯಾಹ್ನ ಹತ್ತು ನಿಮಿಷದ ಒಂದು ಕಾಲ್, ಹನ್ನೊಂದನೆಯ ನಿಮಿಷಕ್ಕೆ ಲ್ಯಾಪ್‌ಟಾಪ್ ಲಾಕ್. ಕವಿಲೆಯ ಸುದ್ದಿಯೇ ಇಲ್ಲ. ಸಾವಿರ ವರ್ಷದ ನಾಗರಿಕತೆಯ ಪ್ರಗತಿಯೆಂದರೆ ಬಹುಶಃ ಇದೇ ಇರಬೇಕು.

ಇಲ್ಲಿ ಪೂರ್ವಪಕ್ಷ: ‘ಸಂಬಳ ಕೊಡುವವನಿಗೆ ನಿಷ್ಠೆ ಬೇಡವೇ?’ ಬೇಕು. ಆದರೆ ಹಳಗನ್ನಡದವರು ಇದರಲ್ಲಿ ಎರಡು ಬಗೆ ಕಂಡಿದ್ದರು. ಉಂಡ ಅನ್ನದ ಋಣಕ್ಕೆ ದುಡಿಯುವುದು ಜೋಳವಾಳಿ. ಒಡೆಯನಿಗಾಗಿ ಪ್ರಾಣ ಕೊಡುವ ಪ್ರತಿಜ್ಞೆ ವೇಳೆವಾಳಿ. ವೇಳೆವಾಳಿಯವನಿಗೆ ಭೂಮಿ, ಬಿರುದು, ಸತ್ತ ಮೇಲೆ ವೀರಗಲ್ಲು. 2023ರಲ್ಲಿ ಎನ್.ಆರ್. ನಾರಾಯಣಮೂರ್ತಿಯವರು ತರುಣರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು; 2025ರ ಆರಂಭದಲ್ಲಿ ಎಲ್ ಆ್ಯಂಡ್ ಟಿಯ ಎಸ್.ಎನ್. ಸುಬ್ರಹ್ಮಣ್ಯನ್ ಅವರ 90 ಗಂಟೆಯ ಮಾತು ಹೊರಬಂತು. ಪ್ರಬಂಧಕಾರನ ವಿನಮ್ರ ನಿಲುವು ಇಷ್ಟೇ: ಜೋಳ ಅಳೆದುಕೊಟ್ಟು ವೇಳೆ ಕೇಳುವುದು ಶಾಸ್ತ್ರಸಮ್ಮತವಲ್ಲ.

ವೀರಗಲ್ಲು ಎಂದೆನಲ್ಲ, ಅದೂ ಇದೆ. ಬೊರಿವಲಿಯ ಎಕ್ಸರಿನಲ್ಲಿ ಹಡಗಿನ ಕದನದ ವೀರಗಲ್ಲುಗಳಿರುವಂತೆ ಇಲ್ಲಿ ಕೊನೆಯ ದಿನದ ಇಮೇಲ್. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ಕೃತಜ್ಞತೆಗಳ ಅಪ್ಸರೆಯರು, ಮೇಲೆ ಕೈಲಾಸ, ಅಂದರೆ ಜಿಮೇಲ್ ವಿಳಾಸ.

ಈ ಸೀಮೆಯ ಕನ್ನಡ ಮನೆಗಳ ಬಗ್ಗೆ ಒಂದು ಮಾತು ಉಳಿದಿದೆ. ಉಡುಪಿ, ಮಂಗಳೂರು ಕಡೆಯಿಂದ ಬಂದ ಹಿರಿಯರಲ್ಲಿ ಎಷ್ಟೋ ಮಂದಿ ಹಗಲು ಹೋಟೆಲಿನಲ್ಲಿ ತಟ್ಟೆ ತೊಳೆದು, ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಮೆಟ್ರಿಕ್ ಮಾಡಿದವರು. ಮಗ ಹಗಲು ಓದಿ ಎಂಜಿನಿಯರ್ ಆದ, ಈಗ ರಾತ್ರಿ ಪಾಳಿಯಲ್ಲಿ ದುಡಿಯುತ್ತಾನೆ. ಅಪ್ಪನಿಗೆ ಈ ಲೆಕ್ಕ ಸರಿಹೋಗಿಲ್ಲ, ನಮಗೂ ಹೋಗಿಲ್ಲ.

ಶಾಸನ ಸಂಗ್ರಹ ಇನ್ನೂ ಅಪೂರ್ಣ. ಆದ್ದರಿಂದ ಓದುಗರಲ್ಲಿ ವಿನಂತಿ: ನಿಮ್ಮ ಕಪಾಟಿನಲ್ಲಿರುವ ಆಫರ್ ಲೆಟರು, ಪೇ ಸ್ಲಿಪ್ಪು, ‘ನಿರೀಕ್ಷೆಗೆ ತಕ್ಕಂತೆ’ ಎಂಬ ಅಪ್ರೈಸಲ್ಲುಗಳ ನೆರಳಚ್ಚನ್ನು ದಯವಿಟ್ಟು ಕಳುಹಿಸಿಕೊಡಿ. ರಿಲೀವಿಂಗ್ ಲೆಟರಿನ ಮೂಲಪ್ರತಿಯನ್ನು ಮಾತ್ರ ಯಾರಿಗೂ, ನಮಗೂ, ಕೊಡಬೇಡಿ. ಮುಂದಿನ ಅರಸ ಅದನ್ನೇ ಮೊದಲು ಕೇಳುತ್ತಾನೆ.