ಐದು ಚೌಕ, ಒಂದು ‘ಇತರೆ’

ಪಕ್ಕದ ಮನೆಯ ಹುಡುಗಿ ಪತ್ರಿಕೋದ್ಯಮದಲ್ಲಿ ಎಂ.ಎ. ಓದುತ್ತಿದ್ದಾಳೆ. ಮೊನ್ನೆ ಭಾನುವಾರ ಒಂದು ಕಟ್ಟು ಪ್ರಶ್ನಾವಳಿ ಹಿಡಿದುಕೊಂಡು ಬಂದಳು. “ಅಂಕಲ್, ಹತ್ತೇ ನಿಮಿಷ. ಸುಮ್ನೆ ಟಿಕ್ ಹಾಕ್ತಾ ಹೋಗಿ, ಯೋಚನೆ ಮಾಡೋ ಹಾಗೇ ಇಲ್ಲ” ಅಂದಳು. ಸಮೂಹ ಮಾಧ್ಯಮ ಸಂಶೋಧನೆಗೆ ಇಷ್ಟು ಪ್ರಾಮಾಣಿಕವಾದ ವ್ಯಾಖ್ಯಾನವನ್ನು ನಾನು ಯಾವ ಪಠ್ಯಪುಸ್ತಕದಲ್ಲೂ ಓದಿರಲಿಲ್ಲ.

ಪ್ರಶ್ನೆಗಳು ನಲವತ್ತೆರಡು. ಪ್ರತಿ ಪ್ರಶ್ನೆಗೂ ಐದು ಚೌಕ: ಸಂಪೂರ್ಣ ಒಪ್ಪುತ್ತೇನೆ, ಒಪ್ಪುತ್ತೇನೆ, ತಟಸ್ಥ, ಒಪ್ಪುವುದಿಲ್ಲ, ಸುತರಾಂ ಒಪ್ಪುವುದಿಲ್ಲ. ಟಿ.ವಿ. ಸುದ್ದಿಯಿಂದ ನನ್ನ ಅಭಿಪ್ರಾಯ ಬದಲಾಗುತ್ತದೆ ಎಂಬುದಕ್ಕೆ ಸುತರಾಂ ಒಪ್ಪಲಿಲ್ಲ. ಟಿ.ವಿ. ಸುದ್ದಿಯಿಂದ ಜನರ ಅಭಿಪ್ರಾಯ ಬದಲಾಗುತ್ತದೆ ಎಂಬುದಕ್ಕೆ ಸಂಪೂರ್ಣ ಒಪ್ಪಿದೆ. ಹುಡುಗಿ ಕಿಸಕ್ಕನೆ ನಕ್ಕಳು. “ಎಲ್ರೂ ಹೀಗೇ ಹಾಕ್ತಾರೆ ಅಂಕಲ್. ಥರ್ಡ್ ಪರ್ಸನ್ ಎಫೆಕ್ಟ್. ಡೇವಿಸನ್, 1983.” ನಲವತ್ತು ವರ್ಷದ ಹಿಂದೆಯೇ ಅಮೆರಿಕದಲ್ಲೊಬ್ಬ ನನ್ನ ಜಂಬವನ್ನು ಅಳೆದು ಹೆಸರಿಟ್ಟು ಕೂತಿದ್ದಾನೆ ಎಂದು ತಿಳಿದು ಕಿವಿ ಬಿಸಿಯಾಯಿತು.

“ಮತ್ಯಾವ ಸಿದ್ಧಾಂತ ಹಾಕಿದೀಯಮ್ಮ?” ಎಂದೆ.

“ಎಲ್ಲಾ ಹಾಕಿದೀನಿ ಅಂಕಲ್. ಎರಡನೇ ಚಾಪ್ಟರ್ ದಪ್ಪ ಇರ್ಬೇಕು ಅಂತ ಗೈಡ್ ಹೇಳಿದಾರೆ.”

ಎರಡನೇ ಅಧ್ಯಾಯವೆಂದರೆ ಮದುವೆಯ ಕರೆಯೋಲೆಯ ತಲೆಯ ಮೇಲಿರುವ ಗಣಪತಿ ಇದ್ದಂತೆ. ಬಂದವರು ಯಾರೂ ನೋಡುವುದಿಲ್ಲ, ಇಲ್ಲದಿದ್ದರೆ ಮಾತ್ರ ಅಪಶಕುನ. ಮೊದಲಿಗೆ ಬರುವುದು ಬುಲೆಟ್ ಸಿದ್ಧಾಂತ: ಮಾಧ್ಯಮ ಗುಂಡು ಹಾರಿಸುತ್ತದೆ, ಜನ ದೊಪ್ಪನೆ ಬೀಳುತ್ತಾರೆ. ಸಾಕ್ಷಿಗೆ 1938ರ ಅಕ್ಟೋಬರ್ 30ರ ರಾತ್ರಿ. ಆರ್ಸನ್ ವೆಲ್ಸ್ ರೇಡಿಯೊದಲ್ಲಿ ಮಂಗಳಗ್ರಹದವರ ದಾಳಿಯ ನಾಟಕ ಆಡಿಸಿದ, ಅಮೆರಿಕಕ್ಕೆ ಅಮೆರಿಕವೇ ಬೀದಿಗೆ ಓಡಿತು ಎಂಬ ಕತೆ. ಒಂದಷ್ಟು ಜನ ಹೆದರಿದ್ದು ನಿಜ. ಅದನ್ನು ದೇಶವಿಡೀ ದಿಕ್ಕೆಟ್ಟು ಓಡಿದಂತೆ ಹಿಗ್ಗಿಸಿದ್ದು ಮರುದಿನದ ಪತ್ರಿಕೆಗಳು. ರೇಡಿಯೊ ತಮ್ಮ ಜಾಹೀರಾತು ಕಸಿಯುತ್ತಿದೆ ಎಂಬ ಹೊಟ್ಟೆಯುರಿ ಅವುಗಳಿಗಿತ್ತು. ಒಂದು ಮಾಧ್ಯಮದ ಶಕ್ತಿಗೆ ಇನ್ನೊಂದು ಮಾಧ್ಯಮದ ಉತ್ಪ್ರೇಕ್ಷೆಯೇ ಸಾಕ್ಷಿ! ಆ ಸಿದ್ಧಾಂತ ಸತ್ತು ಎಂಬತ್ತು ವರ್ಷವಾಯಿತು. ನಮ್ಮ ವಿಶ್ವವಿದ್ಯಾಲಯಗಳು ಮಾತ್ರ ಒಂದು ವರ್ಷವೂ ತಪ್ಪಿಸದೆ ಅದರ ತಿಥಿ ಮಾಡುತ್ತಿವೆ, ಪಿಂಡ ಇಡುವವರು ಬೇರೆ ಬೇರೆ.

ಆಮೇಲೆ ಲಾಸ್‌ವೆಲ್. 1948ರಲ್ಲಿ ಆತ ಕೇಳಿದ್ದು ಐದೇ ಪ್ರಶ್ನೆ: ಯಾರು, ಏನನ್ನು, ಯಾವ ಮಾಧ್ಯಮದಲ್ಲಿ, ಯಾರಿಗೆ ಹೇಳಿದರು, ಪರಿಣಾಮ ಏನಾಯಿತು? ಅದನ್ನು ನಮ್ಮ ಪ್ರಬಂಧಗಳಿಗೇ ಹಚ್ಚಿ ನೋಡಿ. ಯಾರು? ಗೈಡು. ಏನನ್ನು? ಹೋದ ವರ್ಷದ ಸೀನಿಯರ್ ಬರೆದದ್ದನ್ನು. ಯಾವ ಮಾಧ್ಯಮದಲ್ಲಿ? ಗಟ್ಟಿ ರಟ್ಟು, ಬಂಗಾರದ ಅಕ್ಷರ. ಯಾರಿಗೆ? ಗೆದ್ದಲಿಗೆ. ಪರಿಣಾಮ? ಒಂದು ಇನ್‌ಕ್ರಿಮೆಂಟು.

ಅದೇ ವರ್ಷ ಶಾನನ್ ಎಂಬ ಗಣಿತಜ್ಞ ಬೆಲ್ ಟೆಲಿಫೋನ್ ಕಂಪನಿಯ ಪ್ರಯೋಗಾಲಯದಲ್ಲಿ ಕುಳಿತು, ತಂತಿಯ ಈ ತುದಿಯಿಂದ ಆ ತುದಿಗೆ ಸಂದೇಶ ಕೆಡದಂತೆ ಸಾಗಿಸುವುದು ಹೇಗೆಂದು ಲೆಕ್ಕ ಹಾಕಿದ. ಮಾತಿನ ಅರ್ಥಕ್ಕೂ ಎಂಜಿನಿಯರನ ಈ ಸಮಸ್ಯೆಗೂ ಸಂಬಂಧವಿಲ್ಲ ಎಂದು ಅವನೇ ಮೊದಲ ಪುಟದಲ್ಲಿ ಎಚ್ಚರಿಸಿದ್ದ. ಎಚ್ಚರಿಕೆಯನ್ನು ಅಲ್ಲೇ ಬಿಟ್ಟು ಅವನ ನಕ್ಷೆಯ ಡಬ್ಬಿ, ಬಾಣಗಳನ್ನಷ್ಟೇ ಹೊತ್ತುಕೊಂಡು ಬಂದೆವು. ಈಗ ಗಂಡ ಹೆಂಡಿರ ಜಗಳಕ್ಕೂ ಅದೇ ಡಬ್ಬಿ, ಅದೇ ಬಾಣ. ದಾರಿಯಲ್ಲಿ ಸಂದೇಶವನ್ನು ಕೆಡಿಸುವುದನ್ನು ಶಾನನ್ ಗದ್ದಲ ಎಂದ. ಮಾಧ್ಯಮವೇ ಸಂದೇಶ ಎಂದು 1964ರಲ್ಲಿ ಮೆಕ್ಲೂಹನ್ ಹೇಳಿದ. ಎಂಟು ಕಿಟಕಿಯಲ್ಲಿ ಎಂಟು ಜನರನ್ನು ಕೂರಿಸಿ ಏಕಕಾಲಕ್ಕೆ ಕೂಗಿಸುವ ನಮ್ಮ ಚಾನೆಲ್‌ಗಳು ಇಬ್ಬರನ್ನೂ ಒಂದಾಗಿಸಿವೆ: ಗದ್ದಲವೇ ಸಂದೇಶ.

ನಿಜ ಹೇಳಬೇಕೆಂದರೆ, ಈ ಸಿದ್ಧಾಂತಗಳನ್ನು ಮನಸಾರೆ ಓದಿಕೊಂಡವರು ಚಾನೆಲ್‌ನವರೇ. ಮೆಕೂಂಬ್ಸ್ ಮತ್ತು ಶಾ 1968ರ ಚುನಾವಣೆ ಹೊತ್ತಿಗೆ ಚಾಪೆಲ್ ಹಿಲ್ ಎಂಬ ಊರಿನಲ್ಲಿ, ಯಾರಿಗೆ ಮತ ಹಾಕುವುದೆಂದು ಇನ್ನೂ ತೀರ್ಮಾನಿಸದ ನೂರು ಜನರನ್ನು ಹುಡುಕಿ ಮಾತಾಡಿಸಿದರು. ಪತ್ರಿಕೆ, ಟಿ.ವಿ. ಯಾವುದನ್ನು ದೊಡ್ಡದು ಮಾಡುತ್ತವೆಯೋ ಜನರಿಗೂ ಅದೇ ದೊಡ್ಡದಾಗಿ ಕಾಣುತ್ತದೆ ಎಂದು 1972ರಲ್ಲಿ ಬರೆದರು. ವಿದ್ಯಾರ್ಥಿಗೆ ಇದು ಹತ್ತು ಅಂಕದ ಪ್ರಶ್ನೆ, ಚಾನೆಲ್ಲಿಗೆ ದಿನದ ಅಡುಗೆ. ಕೆರೆ ಒತ್ತುವರಿಯ ಸುದ್ದಿ ಬಂದ ದಿನ ನಟನೊಬ್ಬನ ವಿಚ್ಛೇದನ ಒಲೆಯ ಮೇಲೇರುತ್ತದೆ. ಸಂಜೆ ಕಟ್ಟೆಯ ಮೇಲೆ ಕೆರೆಯ ಮಾತೆತ್ತಿ ನೋಡಿ, ನಿಮ್ಮನ್ನೇ ಮಂಗಳಗ್ರಹದವರಂತೆ ನೋಡುತ್ತಾರೆ.

ಇಷ್ಟು ಹೊತ್ತಿಗೆ ಅಮ್ಮ ಕಾಫಿ ತಂದಳು. ಹುಡುಗಿ ಅಮ್ಮನನ್ನೂ ಬಿಡಲಿಲ್ಲ. “ಅಜ್ಜಿ, ನೀವು ಸೀರಿಯಲ್ ಯಾಕೆ ನೋಡ್ತೀರಾ? ಮಾಹಿತಿಗಾಗಿ, ಮನರಂಜನೆಗಾಗಿ, ಕಾಲ ಕಳೆಯೋದಕ್ಕೆ, ಅಭ್ಯಾಸಬಲದಿಂದ, ಇತರೆ.”

“ನಾನೆಲ್ಲಿ ನೋಡ್ತೀನಮ್ಮ? ಕಣ್ಣು ಮಂಜು. ಕೆಳಗಿನ ಮನೆಯಾಕೆ ಏಳೂವರೆಗೆ ಬರ್ತಾಳೆ. ಮೊಮ್ಮಗನ ಪರೀಕ್ಷೆ ಅಂತ ಅವರ ಮನೇಲಿ ಕೇಬಲ್ ತೆಗೆಸಿದಾರೆ. ಅವಳು ಬರಲಿ ಅಂತ ಹಾಕ್ತೀನಿ. ಟಿ.ವಿ. ಇಲ್ದಿದ್ರೆ ಬರೋದಕ್ಕೆ ಅವಳಿಗೆ ನೆಪ ಇರಲ್ಲ.”

ಹುಡುಗಿ ಪೆನ್ನು ಹಿಡಿದು ಕೂತಳು. ಐದೂ ಚೌಕ ನೋಡಿದಳು. “‘ಮನರಂಜನೆ’ ಅಂತ ಹಾಕ್ಕೊಳ್ಲಾ ಅಜ್ಜಿ?”

“ನಿನಗೆ ಯಾವುದು ಸುಲಭವೋ ಅದನ್ನೇ ಹಾಕ್ಕೋ ಮಗಳೇ.”

“‘ಇತರೆ’ ಅಂತ ಹಾಕಮ್ಮ” ಎಂದೆ. “ಬೇಡ ಅಂಕಲ್. ‘ಇತರೆ’ ಜಾಸ್ತಿ ಆದ್ರೆ ಟೇಬಲ್ ಕೂರಲ್ಲ, ಗೈಡ್ ಬೈತಾರೆ.” ಬಿಳಿ ಸೀರೆಗೆ ಬಿದ್ದ ಕಾಫಿ ಕಲೆಯಂತೆ ಅಮ್ಮನ ಉತ್ತರವನ್ನು ಉಜ್ಜಿ ತೆಗೆದದ್ದಾಯಿತು.

ಇವರ ಎರಡನೇ ಅಧ್ಯಾಯದ ದೇವರುಗಳೆಲ್ಲ ಹುಟ್ಟಿದ್ದೇ ಆ ‘ಇತರೆ’ಯಲ್ಲಿ. 1940ರ ಚುನಾವಣೆಯಲ್ಲಿ ಲಾಜರ್ಸ್‌ಫೆಲ್ಡ್ ಮತ್ತು ಸಂಗಡಿಗರು ಓಹಾಯೋ ರಾಜ್ಯದ ಈರಿ ಕೌಂಟಿಗೆ ಹೋದದ್ದು, ರೇಡಿಯೊ ಮತ್ತು ಪತ್ರಿಕೆಗಳು ಮತ ಬದಲಿಸುವುದನ್ನು ಕೈಯಾರೆ ಹಿಡಿಯಲು. ಸುಮಾರು 600 ಜನರನ್ನು ತಿಂಗಳುಗಟ್ಟಲೆ ಮತ್ತೆ ಮತ್ತೆ ಕೇಳಿದರೆ, ಪಕ್ಕದವನು ಹೇಳಿದ, ಅಂಗಡಿಯಲ್ಲಿ ಮಾತಾಡಿಕೊಂಡರು ಎನ್ನುವವರೇ ಕಾಡಿದರು. ಅವರು ಅದನ್ನು ಉಜ್ಜಿ ತೆಗೆಯಲಿಲ್ಲ. 1944ರ ಅವರ ಪುಸ್ತಕದಿಂದ, ಮಾತು ಮಾಧ್ಯಮದಿಂದ ಕೆಲವರಿಗೆ, ಅವರ ಬಾಯಿಂದ ಉಳಿದವರಿಗೆ ಹರಿಯುತ್ತದೆ ಎನ್ನುವ ‘ಎರಡು ಹಂತದ ಹರಿವು’ ಸಿದ್ಧಾಂತ ಹುಟ್ಟಿತು, ಬುಲೆಟ್ಟಿನ ಹೆಣಕ್ಕೆ ಹೆಗಲು ಕೊಟ್ಟಿತು. 1950ರಲ್ಲಿ ಡೇವಿಡ್ ವೈಟ್ ಅಧ್ಯಯನ ಮಾಡಿದ್ದು ಒಬ್ಬನೇ ಒಬ್ಬ ಸಂಪಾದಕನನ್ನು. ಹತ್ತರಲ್ಲಿ ಒಂಬತ್ತು ಪಾಲು ಸುದ್ದಿಯನ್ನು ಬುಟ್ಟಿಗೆ ಹಾಕುತ್ತಿದ್ದ ಆತ ಪ್ರತಿಯೊಂದಕ್ಕೂ ಕಾರಣ ಬರೆದುಕೊಟ್ಟ, ವೈಟ್ ಕೂತು ಓದಿದ. ರೇಡಿಯೊ ಧಾರಾವಾಹಿ ಕೇಳುವ ಗೃಹಿಣಿಯರನ್ನು ಜಗತ್ತು ಆಡಿಕೊಳ್ಳುತ್ತಿದ್ದ 1940ರ ದಶಕದಲ್ಲಿ ಹರ್ತಾ ಹರ್ಜೋಗ್ ಎಂಬಾಕೆ ಅವರನ್ನೇ ಕೂರಿಸಿಕೊಂಡು ‘ಯಾಕೆ ಕೇಳ್ತೀರಿ’ ಎಂದಳು. ಇಂದು ಅಮ್ಮನ ಮುಂದಿಟ್ಟ ಚೌಕಗಳು ಆ ಮಾತುಕತೆಯ ಮೊಮ್ಮಕ್ಕಳು. ಉತ್ತರ ಹುಡುಕಲು ಆಕೆ ಕೇಳಿದ ಪ್ರಶ್ನೆ, ಈಗ ಉತ್ತರ ಮುಚ್ಚುವ ಮುಚ್ಚಳವಾಗಿದೆ.

ಅಷ್ಟು ದೂರ ಯಾಕೆ? 1975ರ ಆಗಸ್ಟಿನಿಂದ ಒಂದು ವರ್ಷ, ಅಮೆರಿಕದಿಂದ ಎರವಲು ತಂದ ಉಪಗ್ರಹದ ಮೂಲಕ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿ.ವಿ. ತೋರಿಸಿದರು. ಸೈಟ್ ಎಂದು ಅದರ ಹೆಸರು. ನಮ್ಮ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಆ ಪ್ರಯೋಗಕ್ಕಾಗಿ ಮಾನವಶಾಸ್ತ್ರ ಓದಿದವರು ಕೆಲವು ಹಳ್ಳಿಗಳಲ್ಲೇ ಬಿಡಾರ ಹೂಡಿ, ಪರದೆಯ ಮುಂದೆ ಯಾರು ಕೂತರು, ಯಾರು ಎದ್ದು ಹೋದರು ಎಂದು ಕಣ್ಣಾರೆ ಕಂಡು ಬರೆದರು. ಹುಡುಗಿಯನ್ನು ಕೇಳಿದೆ, ಸೈಟ್ ಗೊತ್ತಾ ಎಂದು. “ಯಾವ ಲೇಔಟಲ್ಲಿ ಅಂಕಲ್?” ಅಂದಳು. ಅವಳ ತಪ್ಪಲ್ಲ. ಈರಿ ಕೌಂಟಿಯ ದಾರಿ ತೋರಿಸಿದ ಗುರುಗಳು ರಾಯಚೂರಿನ ಬಸ್ಸು ಹತ್ತಿಸಿರಲಿಲ್ಲ.

ಅವಳು ಹೊರಟಾಗ ಗಂಟೆ ಏಳೂವರೆ. ಕೆಳಗಿನ ಮನೆಯಾಕೆ ಮೆಟ್ಟಿಲು ಹತ್ತಿ ಬಂದರು, ಅಮ್ಮ ರಿಮೋಟು ಒತ್ತಿದಳು. ಪರದೆಯ ಮೇಲೆ ಅತ್ತೆ ಸೊಸೆಗೆ ವಿಷ ಹಾಕುತ್ತಿದ್ದಳು. ಇಬ್ಬರೂ ಅದಕ್ಕೆ ಬೆನ್ನು ಹಾಕಿ ಕೂತು ಅವರೇಕಾಯಿ ಬಿಡಿಸುತ್ತ ಮಂಡಿನೋವಿನ ಮಾತಾಡಿದರು. ಹುಡುಗಿ ಬಾಗಿಲಲ್ಲಿ ಚಪ್ಪಲಿ ಮೆಟ್ಟಿದವಳು ಅರೆಗಳಿಗೆ ನಿಂತು ನೋಡಿದಳು. ಕೈ ಚೀಲದ ಕಡೆ ಹೋಯಿತು, ಸುಮ್ಮನಾಯಿತು. ಮರುದಿನವೇ ಪ್ರಬಂಧ ಒಪ್ಪಿಸಬೇಕಿತ್ತಂತೆ.

ಮಾನ್ಯ ಗೈಡುಗಳಲ್ಲಿ ಒಂದೇ ಬಿನ್ನಹ: ಮುಂದಿನ ವರ್ಷದ ಪ್ರಶ್ನಾವಳಿಯಲ್ಲಿ ‘ಇತರೆ’ಯ ಮುಂದೆ ನಾಲ್ಕು ಗೆರೆ ಖಾಲಿ ಬಿಡಿಸಿ. ಜಾಗ ಸಾಲದಿದ್ದರೆ ಎರಡನೇ ಅಧ್ಯಾಯದಿಂದ ಕಡ ತೆಗೆದುಕೊಳ್ಳಿ.